ಶಾಲೆ ಮುಚ್ಚಿದಾಗ ಊರೇ ನಡೆಸಬಹುದಾದ ಮಕ್ಕಳ ಚಿತ್ರ ಸ್ಪರ್ಧೆ



ಈ ಪತ್ರಿಕೆಯಲ್ಲಿ ನೀವು ಸಾಮಾನ್ಯವಾಗಿ ಬಿತ್ತನೆ ಬೀಜ, ಗೊಬ್ಬರದ ಗುಂಡಿ, ದನಕರುಗಳ ಲಸಿಕೆ ಮುಂತಾದ ವಿಷಯಗಳನ್ನು ಓದುತ್ತೀರಿ. ಈ ಸಲ ಮಕ್ಕಳ ಚಿತ್ರ ಸ್ಪರ್ಧೆಯ ವಿಷಯ ಬರೆಯುತ್ತಿದ್ದೇನೆ. ಇದೇನು, ಗ್ರಾಮಸೇವಕರು ಕಸುಬು ಬದಲಾಯಿಸಿದರೇ ಎಂದು ಕೇಳಬೇಡಿರಿ. ಹೊಲದಲ್ಲಿ ಸಸಿ ಎಣಿಸುವುದಕ್ಕೂ ಈ ಸ್ಪರ್ಧೆಗೂ ಬಹಳ ದೂರವಿಲ್ಲ. ಅದು ಹೇಗೆಂಬುದು ಓದುತ್ತ ಹೋದಂತೆ ನಿಮಗೇ ತಿಳಿಯುತ್ತದೆ.

ಕೊರೊನಾ ಕಾಲದ ಲಾಕ್‌ಡೌನಿನಲ್ಲಿ ನಮ್ಮ ಸುತ್ತಿನ ಕೆಲವು ಹಳ್ಳಿಗಳಲ್ಲಿ ಜನರನ್ನು ಒಂದೆಡೆ ಸೇರಿಸದೆ ಇಂಥ ಸ್ಪರ್ಧೆ ನಡೆಸಿದೆವು. ಖರ್ಚು ಅತ್ಯಲ್ಪ, ಪ್ರಯೋಜನ ದೊಡ್ಡದು. ಆ ರೋಗದ ಕಾಲ ಕಳೆದಿದೆ. ಆದರೆ ಬೇಸಿಗೆ ರಜ ವರ್ಷವರ್ಷವೂ ಬರುತ್ತದೆ; ನೆರೆ ಬಂದಾಗ, ಬೇರೆ ರೋಗ ಹಬ್ಬಿದಾಗ ಶಾಲೆಯ ಬಾಗಿಲು ಮತ್ತೆ ಮುಚ್ಚಬಹುದು. ಆದುದರಿಂದ ನಡೆಸುವ ಕ್ರಮವನ್ನು ಊರಿನವರೆಲ್ಲ ತಿಳಿದಿರುವುದು ಒಳ್ಳೆಯದು.

ಆ ದಿನಗಳಲ್ಲಿ ಆದದ್ದೇನು?

2020ರ ಮಾರ್ಚ್ 25 ಶಾರ್ವರಿ ಸಂವತ್ಸರದ ಯುಗಾದಿ. ಬೇವು ಬೆಲ್ಲ ಹಂಚುವ ಆ ದಿನವೇ ದೇಶಕ್ಕೆಲ್ಲ ಲಾಕ್‌ಡೌನ್ ಬಂತು. ಮೊದಲು 21 ದಿನ ಎಂದರು. ಅದು ಮುಂದುವರಿದು ಮೇ 31ಕ್ಕೆ ಬಂದು ನಿಂತಿತು. ಸಂತೆ, ಜಾತ್ರೆ, ಬಸ್ಸು ಎಲ್ಲ ನಿಂತವು. ಬೇಸಾಯದ ಕೆಲಸಕ್ಕೆ ಕೆಲವೇ ದಿನಗಳಲ್ಲಿ ವಿನಾಯಿತಿ ಸಿಕ್ಕಿತಾದರೂ ಮಾಲು ಸಾಗಿಸುವುದೂ ಮಾರುವುದೂ ಕಷ್ಟವಾಯಿತು. ಹೂವು, ಟೊಮೇಟೊ, ಕಲ್ಲಂಗಡಿ, ದ್ರಾಕ್ಷಿ ಬೆಳೆದವರು ಪಟ್ಟ ಪಾಡು ನಿಮಗೆ ಗೊತ್ತೇ ಇದೆ. ಆ ಹೊತ್ತಿನಲ್ಲಿ ಮಕ್ಕಳ ವಿಚಾರ ಹಿಂದೆ ಬಿದ್ದಿತು. ಅದಕ್ಕೆ ಯಾರನ್ನೂ ದೂರುವಂತಿಲ್ಲ.

ಶಾಲೆಗಳು ಲಾಕ್‌ಡೌನಿಗೂ ಮೊದಲೇ, ಮಾರ್ಚ್ ಮಧ್ಯದಲ್ಲಿ ಮುಚ್ಚಿದ್ದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಎಂಬ ಹೆಸರಿನಲ್ಲಿ ಉಪಾಧ್ಯಾಯರು ಹಳ್ಳಿಗೇ ಬಂದು ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು; ರೋಗದ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ನಮ್ಮ ರಾಜ್ಯದಲ್ಲಿ 1ರಿಂದ 5ನೆಯ ತರಗತಿಯವರೆಗಿನ ಶಾಲೆ ಪುನಃ ತೆರೆದದ್ದು 2021ರ ಅಕ್ಟೋಬರ್ 25ರಂದು. ಲೆಕ್ಕ ಹಾಕಿ ನೋಡಿರಿ: ಹತ್ತಿರ ಹತ್ತಿರ 19 ತಿಂಗಳು! 2020ರ ಜೂನಿನಲ್ಲಿ ಒಂದನೆಯ ತರಗತಿಗೆ ಕಾಲಿಡಬೇಕಾಗಿದ್ದ ಮಗು ಎರಡನೆಯ ತರಗತಿಯ ವಯಸ್ಸಿನಲ್ಲಿ ಮೊದಲ ಸಲ ಶಾಲೆಯಲ್ಲಿ ಕುಳಿತಿತು.

ಇದರಿಂದ ಆದ ನಷ್ಟವನ್ನು ಅಳೆದವರೂ ಇದ್ದಾರೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳನ್ನು ಪರೀಕ್ಷಿಸಿದರು. ಹಿಂದಿನ ವರ್ಷ ಕಲಿತಿದ್ದ ಭಾಷೆಯ ಪಾಠದಲ್ಲಿ ಒಂದಾದರೂ ಅಂಶವನ್ನು ಮರೆತವರು ನೂರಕ್ಕೆ 92 ಮಂದಿ. ಲೆಕ್ಕದಲ್ಲಿ ನೂರಕ್ಕೆ 82 ಮಂದಿ. ಉಳದೆ ಬಿಟ್ಟ ಹೊಲದಂತೆ, ಬಳಸದ ವಿದ್ಯೆಯ ಮೇಲೂ ಕಳೆ ಬೆಳೆಯುತ್ತದೆ.

ಚಿತ್ರವೇ ಏಕೆ?

ಒಂದು ಊರಿನಲ್ಲಿ ಈ ಮಾತೆತ್ತಿದಾಗ ಹಿರಿಯ ರೈತರೊಬ್ಬರು, “ಏನ್ ಸ್ವಾಮಿ, ಟೊಮೇಟೊ ತಿಪ್ಪೆಗೆ ಹೋಗ್ತಾ ಇದೆ, ನೀವು ಹುಡುಗರ ಕೈಲಿ ಬೊಂಬೆ ಬರೆಸ್ತೀನಿ ಅಂತೀರಲ್ಲ!” ಎಂದರು. ಕೇಳಬೇಕಾದ ಮಾತೇ. ಬೊಂಬೆ ಬರೆದರೆ ಮಗ್ಗಿ ಬರುವುದಿಲ್ಲ, ಟೊಮೇಟೊ ಮಾರಾಟವಾಗುವುದಿಲ್ಲ. ಆದರೂ ಚಿತ್ರವನ್ನೇ ಆರಿಸಿದ್ದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಚಿತ್ರಕ್ಕೆ ಮೊಬೈಲು ಬೇಡ. ಪಟ್ಟಣದ ಮಕ್ಕಳಿಗೆ ಆಗ ಮೊಬೈಲಿನಲ್ಲೇ ಪಾಠ, ಮೊಬೈಲಿನಲ್ಲೇ ಸ್ಪರ್ಧೆ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಮೊಬೈಲು, ಅದೂ ತಂದೆಯ ಜೇಬಿನಲ್ಲಿ ಹೊಲಕ್ಕೆ ಹೋಗುತ್ತಿತ್ತು. ಎರಡನೆಯದು, ಅಕ್ಷರ ಬಾರದ ಮಗುವೂ ಚಿತ್ರ ಬರೆಯಬಲ್ಲದು. ಓದಿನ ಸ್ಪರ್ಧೆ ಇಟ್ಟರೆ ಓದು ಬಾರದವರು ಹಿಂದೆ ಸರಿಯುತ್ತಾರೆ. ನಾವು ಕಾಣಬೇಕಾದವರು ಅವರೇ. ಮೂರನೆಯದು, ಮಗು ಬಾಯಿಬಿಟ್ಟು ಹೇಳಲಾರದ್ದನ್ನು ಹಾಳೆಯ ಮೇಲೆ ಇಡುತ್ತದೆ. ‘ಹೆದರಿಕೆ ಆಗಿದೆಯೇ?’ ಎಂದರೆ ಇಲ್ಲವೆಂದೇ ತಲೆಯಾಡಿಸುವ ಹುಡುಗ, ಚಿತ್ರದಲ್ಲಿ ತನ್ನ ಮನೆಯ ಬಾಗಿಲಿಗೆ ಮೂರು ಬೀಗ ಬರೆದಿರುತ್ತಾನೆ.

ಇದನ್ನು ಬೇರೆ ದೇಶದವರೂ ಕಂಡುಕೊಂಡರು. ಇಟಲಿಯಲ್ಲಿ 2020ರ ಮಾರ್ಚ್‌ನಲ್ಲಿ ಮಕ್ಕಳು ಕಾಮನಬಿಲ್ಲು ಬರೆದು ‘ಎಲ್ಲವೂ ಸರಿಹೋಗುತ್ತದೆ’ ಎಂಬ ಮಾತಿನೊಡನೆ ಕಿಟಕಿ, ಬಾಲ್ಕನಿಗಳಲ್ಲಿ ತೂಗುಹಾಕಿದರು. ಬ್ರಿಟನ್ನಿನ ಮಕ್ಕಳೂ ಹಾಗೆಯೇ ಮಾಡಿದರು. ನಮ್ಮ ದೇಶಕ್ಕೂ ಮಕ್ಕಳ ಚಿತ್ರ ಸ್ಪರ್ಧೆ ಹೊಸದೇನಲ್ಲ. ವ್ಯಂಗ್ಯಚಿತ್ರಕಾರ ಶಂಕರ್ ಪಿಳ್ಳೈ ಅವರು ದೆಹಲಿಯಲ್ಲಿ 1949ರಲ್ಲಿಯೇ ಇದನ್ನು ಆರಂಭಿಸಿದ್ದರು. ಮನೆಯಿಂದ ಮನೆಗೆ ಹಾಳೆ ಕಳುಹಿಸಿ ಸ್ಪರ್ಧೆ ನಡೆಸುವುದಷ್ಟೇ ನಮಗೆ ಹೊಸದು.

ಬಣ್ಣ, ಹಾಳೆ ಎಲ್ಲಿಂದ?

ಅಂಗಡಿ ಮುಚ್ಚಿತ್ತು. ಆದರೆ ಬಣ್ಣಕ್ಕಾಗಿ ನಮ್ಮ ಹಿರಿಯರು ಅಂಗಡಿಗೆ ಹೋದವರಲ್ಲ. ಸಾಗರ, ಸೊರಬದ ಕಡೆ ದೀವರ ಮನೆಯ ಹೆಂಗಸರು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವಾಗ ಕೆಂಪಿಗೆ ಕೆಮ್ಮಣ್ಣು, ಬಿಳುಪಿಗೆ ಅರೆದ ಅಕ್ಕಿ, ಕಪ್ಪಿಗೆ ಕರಕಲು ಹುರಿದ ಅಕ್ಕಿ ಬಳಸುತ್ತಾರೆ. ಕುಂಚ ಪುಂಡಿ ನಾರಿನದು. ಅದೇ ದಾರಿಯನ್ನು ನಾವೂ ಹಿಡಿಯಬಹುದು.

ಕೆಂಪು: ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಳದಲ್ಲಿ ನಿಂತ ನುಣ್ಣನೆಯ ಮಣ್ಣನ್ನು ತೆಗೆದುಕೊಳ್ಳಿರಿ. ಅರಿಶಿನಕ್ಕೆ ಚಿಟಿಕೆ ಸುಣ್ಣ ಬೆರೆಸಿದರೂ ಕೆಂಪಾಗುತ್ತದೆ. ಆದರೆ ಸುಣ್ಣ ಕಣ್ಣಿಗೆ ಅಪಾಯ, ಬೆರೆಸುವ ಕೆಲಸ ದೊಡ್ಡವರದು.
ಹಳದಿ: ಅರಿಶಿನ.
ಕಪ್ಪು: ಒಲೆಯ ಇದ್ದಿಲನ್ನು ಕಡ್ಡಿಯಾಗಿಯೇ ಹಿಡಿದು ಬರೆಯಬಹುದು, ಪುಡಿ ಮಾಡಿಯೂ ಬಳಸಬಹುದು.
ನೇರಳೆ: ಮಾಗಿದ ಬಸಳೆ ಹಣ್ಣಿನ ರಸ.
ಹಸಿರು: ಎಳೆಯ ಸೊಪ್ಪನ್ನು ಹಾಳೆಯ ಮೇಲೆ ತಿಕ್ಕಿದರೆ ಸಾಕು.
ನೀಲಿ: ಬಿಳಿ ಬಟ್ಟೆಗೆ ಹಾಕುವ ನೀಲಿ, ಎರಡೇ ಹನಿ.

ಬಣ್ಣ ಉದುರದಂತೆ ಅನ್ನದ ಗಂಜಿಯನ್ನಾಗಲಿ ಜಾಲಿ ಮರದ ಅಂಟನ್ನಾಗಲಿ ಸ್ವಲ್ಪ ಬೆರೆಸಿರಿ. ಬೇವಿನ ಕಡ್ಡಿಯ ತುದಿಯನ್ನು ಜಜ್ಜಿದರೆ ಕುಂಚವಾಯಿತು. ಸೊಪ್ಪು, ಹಣ್ಣಿನ ಬಣ್ಣಗಳು ಬಿಸಿಲಿಗೆ ಬೇಗ ಮಾಸುತ್ತವೆ. ಚಿತ್ರವನ್ನು ನೆರಳಿನಲ್ಲಿ ಒಣಗಿಸಿರಿ. ಹಾಳೆಗೆ ಹಳೆಯ ಕ್ಯಾಲೆಂಡರಿನ ಹಿಂಬದಿ, ಲಗ್ನಪತ್ರಿಕೆಯ ಖಾಲಿ ಮಗ್ಗುಲು ಆದೀತು.

ಇಲ್ಲೊಂದು ಎಚ್ಚರಿಕೆ. ನಮ್ಮ ಮನೆಗಳಲ್ಲಿ ಬಣ್ಣಬಣ್ಣದ ವಿಷಗಳೂ ಇರುತ್ತವೆ. ತೋಟದವರ ಮನೆಯ ಮೈಲುತುತ್ತ ಕಣ್ಣಿಗೆ ಒಳ್ಳೆಯ ನೀಲಿ. ಔಷಧಿ ಲೇಪಿಸಿದ ಬಿತ್ತನೆ ಬೀಜದ ಗುಲಾಬಿ ಬಣ್ಣ ನೀರಿಗೆ ಬಿಡುತ್ತದೆ. ಎರಡೂ ಮಕ್ಕಳ ಕೈಗೆ ಸಿಗಕೂಡದು. ಕುಂಚ ತೊಳೆಯುವ ನೀರಿಗೆ ಔಷಧಿಯ ಖಾಲಿ ಬಾಟಲಿಯನ್ನು, ಎಷ್ಟು ಸಲ ತೊಳೆದಿದ್ದರೂ, ಕೊಡಬೇಡಿರಿ.

ನಡೆಸುವ ಕ್ರಮ

1. ಮೊದಲು ಹೆಸರಪಟ್ಟಿ ಸಿದ್ಧಪಡಿಸಿರಿ. ಶಾಲೆಯ ಹಾಜರಿ ಪುಸ್ತಕ ಒಂದೇ ಸಾಲದು. ಅಂಗನವಾಡಿಯ ದಾಖಲೆಯನ್ನೂ ಸೇರಿಸಿರಿ. ಆಮೇಲೆ ಬೀದಿ ಬೀದಿ ತಿರುಗಿ ಕೇಳಿರಿ. 2020ರಲ್ಲಿ ಬೆಂಗಳೂರಿನಿಂದ ಊರಿಗೆ ಮರಳಿದ ಎಷ್ಟೋ ಕುಟುಂಬಗಳ ಮಕ್ಕಳು ಊರಿನ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಇಟ್ಟಿಗೆ ಗೂಡಿನವರು, ಕಬ್ಬು ಕಡಿಯಲು ಬಂದವರು, ಕುರಿ ಮೇಯಿಸುತ್ತ ಬಂದವರು, ಇವರ ಮಕ್ಕಳನ್ನೂ ಬರೆದುಕೊಳ್ಳಿರಿ.

2. ಪ್ರತಿ ಮಗುವಿಗೂ ಒಂದೊಂದು ಹಾಳೆ ತಲುಪಿಸಿರಿ. ಆಗ ಶಾಲೆ, ಅಂಗನವಾಡಿ ಮುಚ್ಚಿದ್ದರೂ ಅಕ್ಕಿ, ಬೇಳೆಯನ್ನು ಮಕ್ಕಳ ಮನೆಯವರಿಗೆ ಕೊಡುತ್ತಿದ್ದರು. ಅದರ ಜೊತೆಯಲ್ಲೇ ಹಾಳೆಯೂ ಹೋಯಿತು. ಹಾಳೆಯ ಹಿಂದೆ ಹೆಸರು, ವಯಸ್ಸು, ಮನೆ, ತಾರೀಕು ಬರೆದಿರಲಿ.

3. ವಿಷಯ ಮಗುವಿಗೆ ಗೊತ್ತಿರುವುದಾಗಿರಲಿ. ‘ನಮ್ಮ ಮನೆಯ ಮುಂದೆ’, ‘ಈ ವಾರ ನಾನು ಕಂಡದ್ದು’, ‘ಅಪ್ಪ ಅಮ್ಮನ ಕೆಲಸ’ ಎಂಬಂಥವು ಒಳ್ಳೆಯವು. ‘ಕೊರೊನಾ ಓಡಿಸೋಣ’ ಎಂದು ಕೊಟ್ಟರೆ ಎಲ್ಲರೂ ಟೆಲಿವಿಷನ್ನಿನಲ್ಲಿ ಕಂಡ ಒಂದೇ ಚಿತ್ರವನ್ನು ನಕಲು ಮಾಡುತ್ತಾರೆ.

4. ಒಂದು ವಾರ ಅವಕಾಶ ಕೊಡಿರಿ. ಮಕ್ಕಳಿಗೂ ಮನೆಯ ಕೆಲಸ ಇರುತ್ತದೆ.

5. ಪ್ರದರ್ಶನ ಮನೆಯ ಬಾಗಿಲಲ್ಲೇ ಆಗಲಿ. ಪ್ರತಿ ಮನೆಯವರೂ ಚಿತ್ರವನ್ನು ಬಾಗಿಲಿಗೋ ಜಗಲಿಯ ಕಂಬಕ್ಕೋ ಕಟ್ಟಲಿ. ನೋಡುವವರು ಇಬ್ಬರು ಮೂವರಂತೆ ಬೀದಿಯಲ್ಲಿ ನಡೆದು ಹೋಗಲಿ. ಆಗ ನಾವು ಹಾಳೆ ಮುಟ್ಟಲೂ ಹೆದರಿ, ಒಂದು ದಿನ ಬೇರೆ ಇಟ್ಟು ಆಮೇಲೆ ತೆಗೆದುಕೊಳ್ಳುತ್ತಿದ್ದೆವು. ಆ ರೋಗ ಮುಖ್ಯವಾಗಿ ಉಸಿರಿನ ಮೂಲಕ, ಗಾಳಿಯಾಡದ ಇಕ್ಕಟ್ಟಿನ ಜಾಗದಲ್ಲಿ ಹರಡುತ್ತದೆಂದೂ ಹಾಳೆ, ಪಾತ್ರೆಗಳನ್ನು ಮುಟ್ಟಿ ಹರಡುವುದು ಕಡಿಮೆಯೆಂದೂ ಈಗ ತಿಳಿದಿದೆ. ಆದುದರಿಂದ ಬಯಲಿನ ಪ್ರದರ್ಶನವೇ ಸರಿಯಾದ ಪದ್ಧತಿ.

6. ಕ್ವಾರಂಟೈನ್ ಆದ ಮನೆಯನ್ನು ಬಿಡಬೇಡಿರಿ. ಹಾಳೆಯನ್ನು ಗೇಟಿನ ಬಳಿ ಇಟ್ಟು ಕೂಗಿ ಹೇಳಿ ಬಂದರಾಯಿತು. ಬಾಗಿಲಿಗೆ ಚೀಟಿ ಅಂಟಿಸಿದ ಮನೆಯತ್ತ ಜನ ಮುಖ ತಿರುಗಿಸಿ ಹೋಗುತ್ತಿದ್ದ ದಿನಗಳವು. ಅದೇ ಬಾಗಿಲಲ್ಲಿ ಮಗುವಿನ ಚಿತ್ರ ತೂಗಿದಾಗ ಬೀದಿಯವರು ನಿಂತು ನೋಡಿದರು, ದೂರದಿಂದಲೇ ಯೋಗಕ್ಷೇಮ ಕೇಳಿದರು.

ಮಕ್ಕಳ ಚಿತ್ರವನ್ನು ನೋಡುವ ಬಗೆ

ತೀರ್ಪು ಕೊಡುವಾಗ ದೊಡ್ಡವರು ಸಾಮಾನ್ಯವಾಗಿ ಗೆರೆ ನೇರವಾಗಿದೆಯೇ, ಎತ್ತು ಎತ್ತಿನಂತೆ ಇದೆಯೇ ಎಂದು ನೋಡುತ್ತಾರೆ. ಅದು ಸರಿಯಲ್ಲ. ಬೆಳೆಗೆ ಹೇಗೆ ಹಂತಗಳಿವೆಯೋ ಮಕ್ಕಳ ಚಿತ್ರಕ್ಕೂ ಹಾಗೆಯೇ ಇವೆ.

ಎರಡು ಮೂರು ವರ್ಷದ ಮಗು ಬರಿಯ ಗೀಚುತ್ತದೆ. ಮೂರು ನಾಲ್ಕರ ಹೊತ್ತಿಗೆ ಒಂದು ಸೊನ್ನೆ ಬರೆದು ಅದಕ್ಕೆ ಎರಡು ಕಾಲು ಇಳಿಬಿಡುತ್ತದೆ; ಅದೇ ಅಪ್ಪ, ಅದೇ ಅಮ್ಮ. ಐದಾರರಲ್ಲಿ ಹಾಳೆಯ ತಳದಲ್ಲಿ ನೆಲದ ಗೆರೆ ಬರುತ್ತದೆ, ಮೇಲೆ ಆಕಾಶ ಬರುತ್ತದೆ. ಈ ವಯಸ್ಸಿನಲ್ಲಿ ಮಗು ಕಣ್ಣಿಗೆ ಕಂಡಂತೆ ಬರೆಯುವುದಿಲ್ಲ. ತನಗೆ ತಿಳಿದಂತೆ ಬರೆಯುತ್ತದೆ. ಬಾವಿಯ ಗೋಡೆ ಅಡ್ಡ ಇದ್ದರೂ ಒಳಗಿನ ನೀರನ್ನು ತೋರಿಸುತ್ತದೆ, ಏಕೆಂದರೆ ಬಾವಿಯಲ್ಲಿ ನೀರಿದೆಯೆಂದು ಅದಕ್ಕೆ ಗೊತ್ತು. ಯಾವುದು ಮುಖ್ಯವೋ ಅದನ್ನು ದೊಡ್ಡದಾಗಿ ಬರೆಯುತ್ತದೆ. ಮನೆಗಿಂತ ಅಜ್ಜಿ ಎತ್ತರವಾಗಿದ್ದರೆ ಅದು ತಪ್ಪಲ್ಲ. ಒಂಬತ್ತು ಹತ್ತರ ಮೇಲೆ ಮಕ್ಕಳು ಕಂಡಂತೆ ಬರೆಯಲು ಯತ್ನಿಸುತ್ತಾರೆ. ಆಗ ‘ನನಗೆ ಬರುವುದಿಲ್ಲ’ ಎಂದು ಕೈಬಿಡುವವರೂ ಹೆಚ್ಚು.

ಆದುದರಿಂದ 6 ವರ್ಷದೊಳಗಿನವರು, 7ರಿಂದ 10ರವರು, 11ರಿಂದ 15ರವರು ಎಂದು ಮೂರು ಗುಂಪು ಮಾಡಿರಿ. ಚೆಂದಕ್ಕಿಂತ ಮಗು ತಾನೇ ಕಂಡದ್ದನ್ನು ಬರೆದಿದೆಯೇ ಎಂಬುದಕ್ಕೆ ಹೆಚ್ಚು ಅಂಕ ಕೊಡಿರಿ. ತೀರ್ಪುಗಾರರು ಬೇರೆ ಊರಿನವರಾದರೆ ಮೇಲು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಇದೆಯಲ್ಲ! ಅಣ್ಣ ಬರೆದುಕೊಟ್ಟ ಚಿತ್ರ ಗೊತ್ತಾಗಿಬಿಡುತ್ತದೆ, ಆದರೂ ಮಗುವನ್ನು ಎಲ್ಲರೆದುರು ಬಯ್ಯಬೇಡಿರಿ. ಇನ್ನೊಂದು ಹಾಳೆ ಕೊಡಿರಿ. ಬಹುಮಾನಕ್ಕೆ ನುಗ್ಗೆ ಅಥವಾ ಕರಿಬೇವಿನ ಸಸಿ ಸಾಕು. ಚಿತ್ರ ಕೊಟ್ಟ ಪ್ರತಿಯೊಬ್ಬರಿಗೂ ಒಂದು ಪೆನ್ಸಿಲು ಇರಲಿ.

ಮಕ್ಕಳು ಬರೆದದ್ದೇನು?

ನಾನು ಕಂಡ ಚಿತ್ರಗಳಲ್ಲಿ ಹಲವು ನೆನಪಿನಲ್ಲಿ ಉಳಿದಿವೆ. ಒಬ್ಬ ಹುಡುಗ ಕೊರೊನಾ ವೈರಾಣುವನ್ನು ಉಮ್ಮತ್ತಿ ಕಾಯಿಯಂತೆ ಬರೆದಿದ್ದ. ಉಮ್ಮತ್ತಿ ವಿಷವೆಂದು ಮನೆಯಲ್ಲಿ ಹೇಳಿಕೊಟ್ಟಿದ್ದರು, ಮುಳ್ಳಿನ ಉಂಡೆಗೆ ಅವನಿಗೆ ಅದೇ ಹೊಂದಿತು. ಒಬ್ಬಳು ರಸ್ತೆಯ ಬದಿಯಲ್ಲಿ ಸುರಿದ ಟೊಮೇಟೊ ರಾಶಿ ಬರೆದು, ಪಕ್ಕದಲ್ಲಿ ತಂದೆಯನ್ನು ಹೆಬ್ಬೆರಳಿನಷ್ಟು ಚಿಕ್ಕದಾಗಿ ನಿಲ್ಲಿಸಿದ್ದಳು. ಆ ಚಿತ್ರವನ್ನು ಬಾಗಿಲಿಗೆ ಕಟ್ಟಿದವರು ಆ ತಂದೆಯೇ. ಬೊಂಬೆ ಏಕೆ ಎಂದು ನನ್ನನ್ನು ಕೇಳಿದ್ದ ಹಿರಿಯರು ಅದರ ಮುಂದೆ ಬಹಳ ಹೊತ್ತು ನಿಂತಿದ್ದರು. ಏನೂ ಹೇಳಲಿಲ್ಲ, ಮರುದಿನ ಮೊಮ್ಮಗನಿಗೆ ಇನ್ನೊಂದು ಹಾಳೆ ಬೇಕೆಂದು ಹೇಳಿ ಕಳುಹಿಸಿದರು.

ಮನೆಯ ಕಷ್ಟ ಮಕ್ಕಳಿಗೆ ತಿಳಿಯುವುದಿಲ್ಲ ಎಂದು ನಾವು ತಿಳಿದಿರುತ್ತೇವೆ. ಹಾಗಿಲ್ಲ, ಅವರು ಎಲ್ಲವನ್ನೂ ನೋಡುತ್ತಿರುತ್ತಾರೆ. ಚಿತ್ರ ನೋಡಿದ ಮೇಲೆ ‘ಇದೇನು? ಇವರು ಯಾರು?’ ಎಂದು ಕೇಳಿರಿ; ಮಗು ಹೇಳುವುದನ್ನು ಮಾತು ತುಂಡರಿಸದೆ ಕೇಳಿರಿ. ಆದರೆ ಒಂದೇ ಚಿತ್ರ ನೋಡಿ ಏನನ್ನೂ ನಿರ್ಧರಿಸಬೇಡಿರಿ. ಕಪ್ಪು ಬಣ್ಣ ಹೆಚ್ಚು ಬಳಸಿದ್ದರೆ ಮಗುವಿಗೆ ದುಃಖವಿದೆಯೆಂದಲ್ಲ. ಮನೆಯಲ್ಲಿ ಇದ್ದಿಲು ಮಾತ್ರ ಇದ್ದಿರಬಹುದು.

ಬಾರದ ಹಾಳೆಗಳು

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಬಿತ್ತುವ ಮೊದಲು ನಾವು ಮೊಳಕೆ ಪರೀಕ್ಷೆ ಮಾಡುತ್ತೇವೆ. ಒದ್ದೆ ಗೋಣಿಯಲ್ಲಿ ನೂರು ಕಾಳು ಇಟ್ಟು, ಮೊಳೆತವನ್ನು ಎಣಿಸುತ್ತೇವೆ. ಬಿತ್ತಿದ ಮೇಲೆ ಸಾಲಿನಲ್ಲಿ ಸಸಿ ಬಾರದ ಜಾಗ ಕಂಡರೆ ಮಣ್ಣು ಕೆದಕಿ ನೋಡುತ್ತೇವೆ: ಕಾಳು ಬಿದ್ದಿಲ್ಲವೋ, ಇರುವೆ ಒಯ್ದಿತೋ, ಹುಳು ತಿಂದಿತೋ. ಹೆಸರಪಟ್ಟಿಯಲ್ಲಿ 60 ಮಕ್ಕಳಿದ್ದು 52 ಚಿತ್ರಗಳು ಬಂದವೆಂದು ಇಟ್ಟುಕೊಳ್ಳಿ. ಬಂದ 52ನ್ನು ನೋಡಿ ಸಂತೋಷಪಟ್ಟು ಮನೆಗೆ ಹೋದರೆ ಅರ್ಧ ಕೆಲಸವಾಯಿತು. ಬಾರದ 8 ಹಾಳೆಗಳ ಮನೆಗೆ ಹೋಗಿ ಕೇಳುವುದು ಉಳಿದ ಅರ್ಧ.

ಕಾರಣ ಚಿಕ್ಕದಿರಬಹುದು. ಹಾಳೆಯನ್ನು ಕರು ತಿಂದಿರಬಹುದು, ಮಗುವಿಗೆ ಜ್ವರ ಬಂದಿರಬಹುದು, ನಾಚಿಕೆಯಿಂದ ಅಡಗಿಸಿ ಇಟ್ಟಿರಬಹುದು. ಆದರೆ ಬೇರೆ ಕಾರಣಗಳೂ ಇರುತ್ತವೆ. ಶಾಲೆ ಮುಚ್ಚಿದಾಗ ಬಡತನ ಮೊದಲು ಬಂದು ತಟ್ಟುವುದು ಮಕ್ಕಳನ್ನೇ. ಹುಡುಗನನ್ನು ಗ್ಯಾರೇಜಿಗೋ ಇಟ್ಟಿಗೆ ಗೂಡಿಗೋ ಕಳುಹಿಸಿರುತ್ತಾರೆ. ಹುಡುಗಿಗೆ ಗಂಡು ನೋಡಿರುತ್ತಾರೆ. ನಾಲ್ಕೇ ಜನ ಸೇರಿ ಕಡಿಮೆ ಖರ್ಚಿನಲ್ಲಿ ಮದುವೆ ಮುಗಿಸಬಹುದೆಂಬ ಯೋಚನೆ ಆ ದಿನಗಳಲ್ಲಿ ಅನೇಕರಿಗೆ ಬಂದಿತ್ತು. ಉಪಾಧ್ಯಾಯರು ದಿನವೂ ಹಾಜರಿ ಕರೆಯುತ್ತಿದ್ದಾಗ ಇಂಥದು ಎರಡೇ ದಿನದಲ್ಲಿ ತಿಳಿಯುತ್ತಿತ್ತು. ಹಾಜರಿಯೇ ಇಲ್ಲದಾಗ ಯಾರಿಗೆ ತಿಳಿಯಬೇಕು? ಒಂದು ಖಾಲಿ ಹಾಳೆ ಆ ಹಾಜರಿಯ ಕೆಲಸ ಮಾಡುತ್ತದೆ.

ಹೋದವರು ವಿಚಾರಣೆ ಮಾಡುವವರಂತೆ ಹೋಗಬಾರದು. ‘ನಿಮ್ಮ ಮಗಳ ಚಿತ್ರ ಬರಲಿಲ್ಲವಲ್ಲ ತಾಯಿ, ಬಣ್ಣ ಸಿಗಲಿಲ್ಲವೇ?’ ಎಂದು ಕೇಳಿರಿ. ಮಾತು ತಾನಾಗಿ ಮುಂದಕ್ಕೆ ಹೋಗುತ್ತದೆ. ಮನೆಗೆ ಪಡಿತರ ಬೇಕಾಗಿದ್ದರೆ, ಕೂಲಿ ಬೇಕಾಗಿದ್ದರೆ ಪಂಚಾಯಿತಿಗೆ ಹೇಳಿ ಕೊಡಿಸಲು ಪ್ರಯತ್ನಿಸಿರಿ. ಕಷ್ಟ ತಗ್ಗಿದರೆ ಮಗು ತಾನೇ ಉಳಿಯುತ್ತದೆ. ಹದಿನಾಲ್ಕು ತುಂಬದ ಮಗುವನ್ನು ಕೂಲಿಗೆ ಇಟ್ಟುಕೊಳ್ಳುವುದೂ, ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುವುದೂ ಕಾನೂನಿನಲ್ಲಿ ಅಪರಾಧ ಎಂಬುದನ್ನು ಮೆತ್ತಗೆ ತಿಳಿಸಿರಿ. ಮಾತಿನಿಂದ ಆಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು, ಹಣ ತಗಲುವುದಿಲ್ಲ.

ಚಿತ್ರಗಳನ್ನು ಉಳಿಸಿಡಿರಿ

1898ರಲ್ಲಿ ಮೈಸೂರು ಸೀಮೆಗೆ ಪ್ಲೇಗು ಬಂತು. ಆ ಕಾಲದ ಪ್ಲೇಗುಗಳಲ್ಲಿ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇದ್ದರೆಂದು ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಆ ಗುಡಿಸಲಲ್ಲಿ ಇದ್ದ ಮಗು ಏನು ಕಂಡಿತೆಂದು ತೋರಿಸುವ ಒಂದು ಚಿತ್ರವೂ ನಮ್ಮ ಹಳ್ಳಿಗಳಲ್ಲಿ ಉಳಿದಿಲ್ಲ. 2020ರ ಮಕ್ಕಳ ಚಿತ್ರಗಳಿಗೆ ಹಾಗಾಗಬಾರದು. ಮನೆಯಲ್ಲಿ ಇದ್ದರೆ ಹೆಸರು, ತಾರೀಕು ಬರೆದು, ಗೆದ್ದಲು ತಾಗದಂತೆ ಒಣ ಬೇವಿನ ಸೊಪ್ಪಿನೊಡನೆ ಪ್ಲಾಸ್ಟಿಕ್ ಚೀಲದಲ್ಲಿ ಇಡಿರಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಕೊಟ್ಟರೆ ಇನ್ನೂ ಒಳ್ಳೆಯದು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾದಾಗ ಈ ಗ್ರಂಥಾಲಯಗಳ ಬಾಗಿಲು ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವದೊಡನೆ ತೆರೆಯಿತು. ಅಲ್ಲಿನ ಗೋಡೆ ಈ ಚಿತ್ರಗಳಿಗೆ ತಕ್ಕ ಜಾಗ.

ಮುಂದಿನ ಬೇಸಿಗೆ ರಜದಲ್ಲಿ ನಿಮ್ಮ ಊರಿನಲ್ಲಿ ಒಮ್ಮೆ ನಡೆಸಿ ನೋಡಿರಿ. ಯುವಕ ಸಂಘದವರು ಹೆಸರಪಟ್ಟಿ ಮಾಡಲಿ, ಸ್ತ್ರೀಶಕ್ತಿ ಸಂಘದ ಅಕ್ಕಂದಿರು ಬಣ್ಣ ಸಿದ್ಧಪಡಿಸಲಿ, ಹಿರಿಯರು ಒಂದು ಸಂಜೆ ಬೀದಿಯಲ್ಲಿ ನಡೆದು ನೋಡಲಿ. ರೋಗವಿಲ್ಲದ ಕಾಲದಲ್ಲಿ ರೂಢಿಯಾದರೆ ಕಷ್ಟ ಬಂದಾಗ ಹೊಸದಾಗಿ ಕಲಿಯಬೇಕಾಗಿಲ್ಲ. ಪಟ್ಟಿ ಮಾತ್ರ ಮೊದಲೇ ಆಗಲಿ, ಊರಿನ ಕೊನೆಯ ಗುಡಿಸಲಿನಿಂದ ಬರೆಯಲು ತೊಡಗಿರಿ.